ಮನೆಯ ಎತ್ತು, ನಾಯಿ ತೀರಿಕೊಂಡಾಗ: ಮಣ್ಣು ಮಾಡುವ ಕ್ರಮ ಮತ್ತು ನೆನಪಿನ ಗುರುತು

ಹತ್ತು ಹದಿನೈದು ವರ್ಷ ಹೆಗಲು ಕೊಟ್ಟು ದುಡಿದ ಎತ್ತು, ಹಾಲೂಡಿದ ಹಸು, ರಾತ್ರಿಯಿಡೀ ಕಣ ಕಾದ ನಾಯಿ ಸತ್ತ ದಿನ ರೈತನ ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟ. ಆ ದುಃಖದ ನಡುವೆ ಆತುರದಿಂದ ಮಾಡುವ ಕೆಲಸದಲ್ಲಿ ತಪ್ಪುಗಳಾಗುತ್ತವೆ. ಹಿಂದೆ ತಣಿಸಂದ್ರ, ರಾಚೇನಹಳ್ಳಿ, ನಾಗವಾರದಂತಹ ಊರುಗಳಲ್ಲಿ ಹೊಲದ ಬದುವಿನಲ್ಲೇ ಗುಂಡಿ ತೋಡುತ್ತಿದ್ದರು. ಇಂದು ಅಲ್ಲಿ ಹೊಲದ ಜಾಗದಲ್ಲಿ ಮನೆಗಳೆದ್ದಿವೆ. ಹಸು, ನಾಯಿ ಸಾಕುವವರು ಇದ್ದಾರೆ, ಹೂಳಲು ನೆಲವಿಲ್ಲ. ಆದುದರಿಂದ ಈ ವಿಷಯವನ್ನು ಪ್ರಾಣಿ ಬದುಕಿರುವಾಗಲೇ ಯೋಚಿಸಿಡುವುದು ಲೇಸು.

ಹಿರಿಯರು ತೋರಿದ ದಾರಿ

ಸಾಕಿದ ಪ್ರಾಣಿಗೆ ಗುರುತು ನಿಲ್ಲಿಸುವುದು ಪಟ್ಟಣದವರ ಹೊಸ ಶೋಕಿಯಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರ ಶಾಸನವೊಂದು ದೊರೆತಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿತು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರನು ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಕೆರೆಯ ಕೆಳಗಿನ ಗದ್ದೆಯನ್ನು ಬಿಟ್ಟನು. ನಾಯಿ ಹಂದಿಗಳ ಕಾಳಗದ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮೊದಲು ಸಾವಿನ ಕಾರಣ ತಿಳಿಯಿರಿ

ಗುದ್ದಲಿ ಹಿಡಿಯುವ ಮುನ್ನ ಪಶುವೈದ್ಯರಿಗೆ ತಿಳಿಸಿ. ಇದಕ್ಕೆ ಮೂರು ಕಾರಣಗಳಿವೆ.

1. ನೆರಡಿ ರೋಗ: ಚೆನ್ನಾಗಿದ್ದ ದನ ಹಠಾತ್ತನೆ ಸತ್ತು, ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದರೆ ನೆರಡಿ ಎಂದೇ ಶಂಕಿಸಬೇಕು. ಅಂತಹ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಎಳೆದೊಯ್ಯಬಾರದು. ಗಾಳಿ ತಾಗಿದೊಡನೆ ರೋಗಾಣುಗಳು ಬೀಜಾಣುಗಳಾಗಿ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತವೆ. ಮನುಷ್ಯನಿಗೂ ಈ ರೋಗ ತಗಲುತ್ತದೆ. ವೈದ್ಯರ ಸಮ್ಮುಖದಲ್ಲಿ ಸುಡುವುದು ಉತ್ತಮ, ಇಲ್ಲವಾದರೆ ಆಳವಾಗಿ ಹೂಳಬೇಕು. ಸುಣ್ಣ ಸುರಿದರೆ ಬೀಜಾಣು ಸಾಯುತ್ತದೆಂಬ ನಂಬಿಕೆ ಸರಿಯಲ್ಲ.

2. ಹುಚ್ಚು ನಾಯಿ ರೋಗ: ನಡತೆ ಬದಲಾಗಿ, ಜೊಲ್ಲು ಸುರಿಸಿ ಸತ್ತ ನಾಯಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮುದ್ದಿನ ನಾಯಿಯೆಂದು ಮಕ್ಕಳು ತಬ್ಬಿಕೊಳ್ಳದಂತೆ ನೋಡಿಕೊಳ್ಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಈ ರೋಗವನ್ನು ಪತ್ತೆ ಹಚ್ಚುವ ಪ್ರಯೋಗಾಲಯವಿದೆ. ಮಾದರಿಯನ್ನು ವೈದ್ಯರೇ ತೆಗೆಯಬೇಕು. ನಾಯಿ ಕಚ್ಚಿದ್ದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದ್ದರೆ ಸೋಪು ನೀರಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

3. ವಿಮೆ: ರಾಸಿಗೆ ವಿಮೆ ಇದ್ದರೆ ಹೂಳುವ ಮೊದಲೇ ಕಂಪನಿಗೆ ತಿಳಿಸಿ, ವೈದ್ಯರ ಪ್ರಮಾಣಪತ್ರ ಪಡೆಯಿರಿ. ಕಿವಿಯೋಲೆಯನ್ನು ಕಳೆದುಕೊಳ್ಳಬೇಡಿ.

ಸ್ಥಳ ಮತ್ತು ಗುಂಡಿ

ಬಾವಿ, ಕೊಳವೆ ಬಾವಿ, ಕೆರೆ, ಕಾಲುವೆಗಳಿಂದ ಕನಿಷ್ಠ 150 ಅಡಿ ದೂರದ, ನೀರು ನಿಲ್ಲದ ಎತ್ತರದ ಜಾಗವನ್ನು ಆರಿಸಿ. ದೊಡ್ಡ ಎತ್ತಿಗೆ 8 ಅಡಿ ಉದ್ದ, 6 ಅಡಿ ಅಗಲ, 7 ರಿಂದ 8 ಅಡಿ ಆಳದ ಗುಂಡಿ ಬೇಕು. ನಾಯಿಗೆ 4 ಅಡಿ ಆಳ ಸಾಕು. ಹೆಣದ ಮೇಲೆ ಎತ್ತಿಗೆ 4 ಅಡಿ, ನಾಯಿಗೆ 3 ಅಡಿ ಮಣ್ಣು ಬರಲೇಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಬೇಡಿ, ಅದು ಕೊಳೆಯುವುದನ್ನು ತಡೆಯುತ್ತದೆ. ಹತ್ತಿ ಬಟ್ಟೆ ಅಥವಾ ಗೋಣಿ ಸಾಕು. ಹೂಳಿದ ನೆಲ ಕುಸಿಯುವುದರಿಂದ ಒಂದು ಅಡಿ ಎತ್ತರಕ್ಕೆ ದಿಬ್ಬ ಮಾಡಿ, ಬೀದಿನಾಯಿಗಳು ಕೆದಕದಂತೆ ಚಪ್ಪಡಿ ಅಥವಾ ಮುಳ್ಳು ಹೇರಿ.

ಹೆಣವನ್ನು ಬಯಲಿಗೆ ಎಸೆಯುವುದು ಬೇಡ. ಡೈಕ್ಲೋಫೆನಾಕ್ ಚುಚ್ಚಿಸಿಕೊಂಡು ಸತ್ತ ದನಗಳನ್ನು ತಿಂದೇ ನಮ್ಮ ರಣಹದ್ದುಗಳು ನಾಶವಾದವು. 2006ರಲ್ಲಿ ಪಶುಗಳಿಗೆ ಆ ಔಷಧಿಯನ್ನು ನಿಷೇಧಿಸಲಾಯಿತು. ವಾಸಿಯಾಗದ ನೋವಿನಲ್ಲಿ ನರಳುವ ನಾಯಿಗೆ ವೈದ್ಯರು ದಯಾಮರಣ ಕೊಟ್ಟಿದ್ದರೆ ಆ ಔಷಧಿಯೂ ಹೆಣದಲ್ಲಿ ಉಳಿದಿರುತ್ತದೆ. ಆಗ ಆಳವಾಗಿ ಹೂಳುವುದು ಅಥವಾ ಸುಡುವುದು ಕಡ್ಡಾಯವೆಂದು ತಿಳಿಯಿರಿ. ಸತ್ತ ದನವನ್ನು ಊರಿನ ಬಡವರ ಪಾಲಿಗೆ ಬಿಡುವ ಹಳೆಯ ವಾಡಿಕೆಯೂ ಕೊನೆಯಾಗಬೇಕು. ರೋಗದ ಅಪಾಯವನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಲು ಕುಡಿದ ಮನೆಯವರೇ ಮಣ್ಣನ್ನೂ ಹಾಕಬೇಕು.

ನೆಲವಿಲ್ಲದವರು

ಮೂವತ್ತು ನಲವತ್ತರ ನಿವೇಶನದಲ್ಲಿ, ಮಗ್ಗುಲಲ್ಲೇ ಕೊಳವೆ ಬಾವಿ ಇರುವಾಗ ಹೂಳುವುದು ಸಲ್ಲದು. ಕೆರೆಯಂಗಳವೂ ಇದಕ್ಕೆ ಜಾಗವಲ್ಲ. ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯು ಸಾಕುಪ್ರಾಣಿಗಳ ಅಂತ್ಯಸಂಸ್ಕಾರಕ್ಕೆ ಏರ್ಪಾಡು ಮಾಡಿದೆ. ಅಲ್ಲಿನ ವ್ಯವಸ್ಥೆ, ಖರ್ಚು, ಸಾಗಿಸುವ ವಾಹನ ಇವನ್ನು ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ದೊಡ್ಡ ರಾಸಾದರೆ ನಗರಾಡಳಿತದ ಪಶು ವಿಭಾಗಕ್ಕೆ ತಿಳಿಸಿ. ಹಳ್ಳಿಯಲ್ಲಿ ಜಮೀನಿರುವ ನೆಂಟರಿದ್ದರೆ, ರೋಗದಿಂದ ಸತ್ತದ್ದಲ್ಲವೆಂದು ಖಚಿತವಾದ ಮೇಲಷ್ಟೇ ಅಲ್ಲಿಗೆ ಒಯ್ಯಿರಿ.

ನೆನಪಿಗೆ ಏನು?

ಹೆಚ್ಚು ಖರ್ಚು ಬೇಕಿಲ್ಲ. ಹೊಂಗೆ, ಬೇವು, ಹಿಪ್ಪೆ ಇವುಗಳಲ್ಲಿ ಒಂದು ಸಸಿ ಒಳ್ಳೆಯ ಗುರುತು. ಆದರೆ ಗುಂಡಿಯ ನೆತ್ತಿಯ ಮೇಲೆ ನೆಡಬೇಡಿ. ಕೊಳೆಯುವ ಹೆಣದ ಕಾವಿಗೂ ಸಾರಕ್ಕೂ ಎಳೆಯ ಬೇರು ಸುಡುತ್ತದೆ. ಅಂಚಿನಿಂದ 4–5 ಅಡಿ ಬಿಟ್ಟು ನೆಡಿ. ಒಂದು ಮಳೆಗಾಲ ಕಳೆದ ಮೇಲೆ ಬೇರು ತಾನಾಗಿ ಅತ್ತ ಹರಿಯುತ್ತದೆ. ಬದುವಿನಲ್ಲಿ ಹೆಸರು ಕೆತ್ತಿದ ಸಣ್ಣ ಕಲ್ಲು, ಕೊರಳಿನ ಗಂಟೆ, ಹಣೆಯ ಗೆಜ್ಜೆಪಟ್ಟಿ ಇವೂ ಸಾಕು. ರೋಗದಿಂದ ಸತ್ತಿದ್ದರೆ ಹಗ್ಗ, ಹಾಸು, ಮೇವನ್ನು ಸುಟ್ಟುಬಿಡಿ. ಗಂಟೆಯನ್ನು ಇಟ್ಟುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ.

ಮಕ್ಕಳಿಗೆ ಸುಳ್ಳು ಹೇಳಬೇಡಿ. ಎತ್ತು ಎಲ್ಲೋ ಹೋಗಿದೆ ಎಂದರೆ ಅವರು ದಿನವೂ ಕೊಟ್ಟಿಗೆಯ ಕಡೆ ನೋಡುತ್ತಾರೆ. ರೋಗದ ಭಯವಿಲ್ಲದಿದ್ದರೆ ಅವರಿಂದಲೂ ಒಂದು ಹಿಡಿ ಮಣ್ಣು ಹಾಕಿಸಿ, ಸಸಿಗೆ ನೀರೆರೆಯುವ ಕೆಲಸವನ್ನು ಅವರಿಗೇ ಒಪ್ಪಿಸಿ.