ಹಾವು ಸಾಕುವ ಆಸೆಯೇ? ಗಾಜಿನ ಪೆಟ್ಟಿಗೆ ಬೇಡ, ತೋಟವೇ ಸಾಕು

ಅಮೆರಿಕದಲ್ಲಿ ಹಾವು ಸಾಕಲು ಹೊರಟ ಹೊಸಬರಿಗೆ ಅನುಭವಿಗಳು ತೋರಿಸುವ ಹಾವುಗಳಲ್ಲಿ ಗಾರ್ಟರ್ ಹಾವೂ ಒಂದು. ಎರಡು ಅಡಿಯ ಆಸುಪಾಸಿನ ತೆಳು ಮೈ, ಬೆನ್ನುದ್ದಕ್ಕೂ ಹಳದಿ ಗೆರೆ, ಹಗಲಲ್ಲಿ ಚುರುಕು. ಎರೆಹುಳು, ಮೀನು, ಕಪ್ಪೆ ಇದರ ಆಹಾರ. ಮೊಬೈಲ್‌ನಲ್ಲಿ ಇದರ ವಿಡಿಯೊ ನೋಡಿದ ತುಮಕೂರಿನ ಹುಡುಗ ಹುಡುಗಿಯರಿಗೆ ತಾವೂ ಒಂದನ್ನು ತಂದು ಸಾಕಬೇಕು ಅನಿಸಿದರೆ ಅದರಲ್ಲಿ ತಪ್ಪೇನಿಲ್ಲ. ಹಾವು ಕಂಡೊಡನೆ ದೊಣ್ಣೆ ಹುಡುಕುವುದಕ್ಕಿಂತ ಆ ಕುತೂಹಲ ನೂರು ಪಾಲು ಮೇಲು.

ಆದರೆ ಇಲ್ಲಿ ಆ ಆಸೆ ತೀರಿಸಿಕೊಳ್ಳುವ ದಾರಿ ಬೇರೆ. ಗಾರ್ಟರ್ ಹಾವಿನ ಹತ್ತಿರದ ನೆಂಟರು ಗುಬ್ಬಿಯ ಅಡಿಕೆ ತೋಟದ ಬಸಿಗಾಲುವೆಯಲ್ಲಿ, ಕುಣಿಗಲ್ ದೊಡ್ಡಕೆರೆಯಂಥ ಕೆರೆಗಳ ಅಂಚಿನಲ್ಲಿ, ಭತ್ತದ ಗದ್ದೆಯ ಬದುಗಳಲ್ಲಿ ಈಗಾಗಲೇ ಇದ್ದಾರೆ. ಅವನ್ನು ಹಿಡಿಯದೆ, ಪೆಟ್ಟಿಗೆಗೆ ಹಾಕದೆ, ಇದ್ದಲ್ಲಿಯೇ ನೋಡಿಕೊಳ್ಳುವುದು ಹೇಗೆ ಎಂಬುದರ ಹಂತ ಹಂತದ ವಿವರ ಇಲ್ಲಿದೆ.

ಹಂತ 1: ಮೊದಲು ಕಾನೂನು

ನಾಗರಹಾವು, ಕೊಳಕುಮಂಡಲ, ಕೇರೆ, ನೀರೊಳ್ಳೆ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಇವನ್ನು ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಬೋನಿಗೆ ಕೆಡವುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ವಿಷವಿಲ್ಲದ ಹಾವು, ನಮ್ಮ ತೋಟದಲ್ಲೇ ಸಿಕ್ಕಿದ್ದು, ನಾಲ್ಕು ದಿನ ಇಟ್ಟುಕೊಂಡು ಬಿಡುತ್ತೇನೆ ಎಂಬ ಸಮಜಾಯಿಷಿ ನಡೆಯುವುದಿಲ್ಲ. 2022ರಲ್ಲಿ ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಾಗರಹಾವಿನಂತೆ ಒಂದನೇ ಪರಿಚ್ಛೇದಕ್ಕೆ ಸೇರಿದ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಎರಡು ತಲೆ ಹಾವು ಮನೆಯಲ್ಲಿದ್ದರೆ ಹಣ ಬರುತ್ತದೆ ಎಂದು ನಂಬಿಸಿ ಮಾರುವವರ ಬಲೆಗೆ ಬಿದ್ದವರಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ.

ಹಾಗಿದ್ದರೆ ವಿದೇಶಿ ಹಾವು? ಯಾವ ಹಾವನ್ನಾದರೂ ಹೊರದೇಶದಿಂದ ಜೀವಂತವಾಗಿ ತರಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ಜೀವಿಯಾದರೆ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಅದರ ನಿಯಮಗಳನ್ನು ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಹೊರಡಿಸಿದೆ. ‘ಪೇಪರ್ ಎಲ್ಲ ಇದೆ’ ಎಂದು ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಕಾಗದ ಕಣ್ಣಿಗೆ ಕಾಣಬೇಕು. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕನೊಬ್ಬನ ಬ್ಯಾಗಿನಲ್ಲಿ 10 ಹಳದಿ ಅನಕೊಂಡಾಗಳು ಸಿಕ್ಕಿದ್ದವು. ಕಳ್ಳದಾರಿಯಲ್ಲಿ ಬರುವ ಹಾವುಗಳ ಪಾಡು ಇದು. ಬಟ್ಟೆಬರೆಯ ನಡುವೆ ತುರುಕಿದ ಜೀವಿಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ.

ಹಂತ 2: ಪಾಲನೆಯ ಹೊರೆ ಅರಿಯಿರಿ

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಗಾರ್ಟರ್ ಹಾವು ಸಾಕುವ ಮಾತೆತ್ತಬಹುದು. ಅಲ್ಲಿಯೂ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಜಾರ್ಜಿಯಾದಲ್ಲಿ ಅಲ್ಲಿನದೇ ವಿಷರಹಿತ ಕಾಡುಹಾವುಗಳನ್ನು ಸಾಕುವುದು ಅಪರಾಧ. ಸ್ಯಾನ್‌ಫ್ರಾನ್ಸಿಸ್ಕೊ ಗಾರ್ಟರ್ ಹಾವು 1967ರಿಂದಲೂ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಕಾನೂನು ಒಪ್ಪುವಲ್ಲಿ, ಪಾಲನೆಯಲ್ಲೇ ಹುಟ್ಟಿದ ಮರಿಯನ್ನು ತಂದರೂ ಕೆಲಸ ಸುಲಭವಲ್ಲ.

ಕನಿಷ್ಠ ಎರಡೂವರೆ ಅಡಿ ಉದ್ದದ, ಕೂದಲೆಳೆಯಷ್ಟೂ ಸಡಿಲವಿಲ್ಲದ ಮುಚ್ಚಳದ ಗೂಡು ಬೇಕು. ಒಂದು ತುದಿ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗೆ, ಇನ್ನೊಂದು ತುದಿ 22–24 ಡಿಗ್ರಿಯಷ್ಟು ತಂಪಾಗಿ ಇರಬೇಕು. ಅವಿತುಕೊಳ್ಳಲು ಎರಡು ಜಾಗ, ಮೈ ಮುಳುಗಿಸುವಷ್ಟು ಅಗಲದ ನೀರಿನ ಬಟ್ಟಲು, ದಿನವೂ ಹೊಸ ನೀರು ಬೇಕು. ಕೆಲವು ಜಾತಿಯ ಮೀನುಗಳನ್ನೇ ಸದಾ ತಿನ್ನಿಸಿದರೆ ಅವುಗಳಲ್ಲಿರುವ ಕಿಣ್ವವೊಂದು ಬಿ1 ಜೀವಸತ್ವವನ್ನು ನಾಶಮಾಡಿ, ಹಾವಿಗೆ ನಡುಕ ಬಂದು ಪ್ರಾಣಕ್ಕೇ ಕುತ್ತಾಗುತ್ತದೆ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದಿದ್ದರೆ ಸಾಲ್ಮೊನೆಲ್ಲಾ ಸೋಂಕಿನ ಭಯ. ಕೆನಡಾದ ಮ್ಯಾನಿಟೋಬಾದಲ್ಲಿ ಹಿಮದಡಿಯ ಸುಣ್ಣಕಲ್ಲಿನ ಬಿರುಕುಗಳಲ್ಲಿ ಚಳಿಗಾಲ ಕಳೆದು, ವಸಂತದಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಹೊರಬರುವ ಹಾವಿದು. ಬೇಸಿಗೆಯ ಮಧ್ಯಾಹ್ನ 35 ಡಿಗ್ರಿ ದಾಟುವ ತುಮಕೂರಿನ ಕೋಣೆಯಲ್ಲಿ, ಕರೆಂಟ್ ಹೋದ ಹೊತ್ತಿನಲ್ಲಿ ಅದರ ಗತಿಯೇನು? ತಾಲ್ಲೂಕಿನ ಪಶು ಆಸ್ಪತ್ರೆಗಳು ದನ, ಕುರಿ, ಕೋಳಿಗಳಿಗೆ ಸಜ್ಜಾಗಿವೆಯೇ ಹೊರತು ಹಾವಿಗಲ್ಲ.

ಸಾಕಲಾಗದೆ ಕೆರೆಗೆ ಬಿಟ್ಟರಾಯಿತು ಎಂಬ ಯೋಚನೆಯಂತೂ ಕೂಡದು. ಎರಡನೇ ಮಹಾಯುದ್ಧದ ನಂತರ ಸರಕಿನ ಜೊತೆ ಪೆಸಿಫಿಕ್ ಸಾಗರದ ಗುವಾಮ್ ದ್ವೀಪ ಸೇರಿದ ಕಂದು ಮರಹಾವು ಅಲ್ಲಿನ ಕಾಡುಹಕ್ಕಿಗಳಲ್ಲಿ ಬಹುಪಾಲನ್ನು ಇಲ್ಲವಾಗಿಸಿತು.

ಹಂತ 3: ನಮ್ಮೂರ ನೆಂಟರನ್ನು ಗುರುತಿಸಿ

ಗಾರ್ಟರ್ ಹಾವಿನ ಉಪಕುಟುಂಬಕ್ಕೇ ಸೇರಿದ ಎರಡು ಹಾವುಗಳು ನಮ್ಮಲ್ಲಿ ಸಾಮಾನ್ಯ. ಮೊದಲನೆಯದು ನೀರೊಳ್ಳೆ. ಹಳದಿ ಅಥವಾ ಕಂದು ಮೈಮೇಲೆ ಚದುರಂಗದ ಮನೆಗಳಂತೆ ಕಪ್ಪು ಗುರುತು. ಹತ್ತಿರದ ಫೋಟೊ ಇದ್ದರೆ ಕಣ್ಣಿನ ಕೆಳಗೊಂದು, ಹಿಂದೊಂದು ಓರೆಯಾಗಿ ಇಳಿಯುವ ಕಪ್ಪು ಗೆರೆ ನೋಡಿ, ಗುರುತು ಖಚಿತವಾಗುತ್ತದೆ. ಹುರುಪೆಗಳ ಮೇಲೆ ಸಣ್ಣ ಏಣು ಇರುತ್ತದೆ. ಮೀನು, ಕಪ್ಪೆ ತಿಂದು ಬದುಕುವ ಈ ಹಾವು ಹೆದರಿದಾಗ ತಲೆಯೆತ್ತಿ ಕತ್ತು ಅಗಲಿಸುತ್ತದೆ. ಅದನ್ನೇ ನಾಗರ ಎಂದುಕೊಂಡು ಜನ ಹೊಡೆದು ಹಾಕುತ್ತಾರೆ. ಕೈ ಹಾಕಿದರೆ ಕಚ್ಚುವ ಸಿಡುಕ ಸ್ವಭಾವ ನಿಜ, ಆದರೆ ಕಚ್ಚಿದರೆ ಜೀವಕ್ಕೆ ಅಪಾಯವಿಲ್ಲ.

ಎರಡನೆಯದು ಬೆನ್ನಿನ ಇಕ್ಕೆಲದಲ್ಲಿ ಎರಡು ಹಳದಿ ಪಟ್ಟೆಯುಳ್ಳ ಪುಟ್ಟ ಹಾವು. ಅಡಿಯಿಂದ ಎರಡಡಿ ಉದ್ದದ ಇದು ಮಳೆಗಾಲದಲ್ಲಿ ಹುಲ್ಲಿನ ನಡುವೆ ಹಗಲಲ್ಲೇ ಓಡಾಡುತ್ತದೆ. ನೋಟದಲ್ಲಿ ಗಾರ್ಟರ್ ಹಾವಿಗೆ ಇದಕ್ಕಿಂತ ಹತ್ತಿರದ ಹಾವು ನಮ್ಮಲ್ಲಿಲ್ಲ. ಬಲು ಸಾಧು. ಒಂದು ವ್ಯತ್ಯಾಸವಿದೆ: ಗಾರ್ಟರ್ ಹಾವು ನೇರವಾಗಿ ಮರಿ ಹಾಕುತ್ತದೆ, ನಮ್ಮ ಈ ಎರಡೂ ಮೊಟ್ಟೆ ಇಡುತ್ತವೆ.

ಗುರುತಿಸುವ ಅಭ್ಯಾಸಕ್ಕೆ ಒಂದು ನೋಟ್‌ಬುಕ್, ಜೂಮ್ ಇರುವ ಮೊಬೈಲ್ ಸಾಕು. ಕನಿಷ್ಠ ಎರಡು ಮಾರು ದೂರದಿಂದ ಫೋಟೊ ತೆಗೆದು ದಿನಾಂಕ, ಹೊತ್ತು, ಜಾಗ ಬರೆದಿಡಿ. ಒಂದು ಮಳೆಗಾಲ ಹೀಗೆ ಬರೆದರೆ ತೋಟದ ಯಾವ ಮೂಲೆಯಲ್ಲಿ ಯಾವುದು ಯಾವಾಗ ಕಾಣುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಹಂತ 4: ತೋಟವನ್ನು ಹದಗೊಳಿಸಿ

ಹಾವಿಗೆ ಬೇಕಾದದ್ದು ನೀರು, ಮರೆ, ಆಹಾರ. ಮನೆಯಿಂದ ದೂರದ ಮೂಲೆಯಲ್ಲಿ ಒಂದಿಷ್ಟು ಕಲ್ಲು, ತರಗೆಲೆ ಹಾಗೇ ಬಿಡಿ. ಕಾಲುವೆ ಅಂಚಿನ ಹುಲ್ಲನ್ನು ಪೂರ್ತಿ ಸವರಬೇಡಿ. ಕಪ್ಪೆಗಳಿದ್ದ ಕಡೆ ಕೀಟನಾಶಕ ಎರಚಿದರೆ ಕಪ್ಪೆ ಸಾಯುತ್ತದೆ, ಅದನ್ನೇ ನಂಬಿದ ಹಾವೂ ಉಳಿಯುವುದಿಲ್ಲ.

ದೊಡ್ಡ ಗಂಡಾಂತರ ಇರುವುದು ಕೃಷಿ ಹೊಂಡದಲ್ಲಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಬಿದ್ದ ಹಾವು, ಓತಿಕ್ಯಾತ, ಮುಂಗುಸಿ ಜಾರುವ ಗೋಡೆ ಹತ್ತಲಾಗದೆ ಸುಸ್ತಾಗಿ ಮುಳುಗುತ್ತವೆ. ಪರಿಹಾರ ಅಗ್ಗ. ಗೋಣಿತಾಟನ್ನು ಅಥವಾ ಗಂಟು ಹಾಕಿದ ತೆಂಗಿನ ನಾರಿನ ದಪ್ಪ ಹಗ್ಗವನ್ನು ದಂಡೆಯ ಗೂಟಕ್ಕೆ ಕಟ್ಟಿ ನೀರೊಳಗೆ ಇಳಿಬಿಡಿ. ನಾಲ್ಕೂ ಕಡೆ ಒಂದೊಂದು ಇದ್ದರೆ ಒಳ್ಳೆಯದು. ಹಕ್ಕಿ ತಡೆಯಲು ಕಟ್ಟಿದ ನೈಲಾನ್ ಬಲೆಯ ಅಂಚು ನೆಲಕ್ಕೆ ತಾಗದಂತೆ ಒಂದು ಅಡಿ ಮೇಲೆತ್ತಿ ಕಟ್ಟಿ. ಅದರ ಕಣ್ಣಿನಲ್ಲಿ ತಲೆ ತೂರಿಸಿದ ಹಾವು ಹಿಂದಕ್ಕೆ ಬರಲಾರದು, ಹುರುಪೆ ಸಿಕ್ಕಿಕೊಂಡು ಮೈ ಸೀಳಿಹೋಗುತ್ತದೆ. ಹರಿದ ಮೀನಿನ ಬಲೆಯನ್ನು ಕೆರೆ ದಂಡೆಯಲ್ಲಿ ಬಿಸಾಡುವುದೂ ಹಾಗೇ. ನೀರೊಳ್ಳೆ ಸಾಯಲು ಅಷ್ಟು ಸಾಕು.

ಹಂತ 5: ವಿಷದ ನಾಲ್ಕನ್ನು ಕಲಿಯಿರಿ

ಹಾವಿನ ಮೇಲಿನ ಪ್ರೀತಿ ಎಚ್ಚರ ತಪ್ಪಿಸಬಾರದು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ವರ್ಷಕ್ಕೆ ಸರಾಸರಿ 58,000. ಬಹುತೇಕ ಸಾವುಗಳಿಗೆ ಕಾರಣ ನಾಲ್ಕೇ ಹಾವು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ.

ಕೊಳಕುಮಂಡಲದ ಮೈಮೇಲೆ ಮೂರು ಸಾಲು ಸರಪಳಿ ಗುರುತು, ತ್ರಿಕೋನ ತಲೆ, ಜೋರು ಬುಸುಗುಟ್ಟುವಿಕೆ. ಹೆಬ್ಬಾವಿನ ಮರಿ ಎಂದುಕೊಂಡು ಕೈ ಹಾಕಿ ಕಚ್ಚಿಸಿಕೊಂಡವರಿದ್ದಾರೆ. ತೆಂಗಿನ ಮಟ್ಟೆ, ಸೋಗೆಯ ರಾಶಿ ಸರಿಸುವಾಗ ಮೊದಲು ಕೋಲಿನಿಂದ ತಟ್ಟಿ. ಕಟ್ಟುಹಾವು ರಾತ್ರಿಯದು. ಮಿರುಗುವ ಕಪ್ಪು ಮೈ, ತೆಳುವಾದ ಬಿಳಿ ಪಟ್ಟೆ. ಪಟ್ಟೆಗಳು ಬಾಲದ ಕಡೆ ಸ್ಪಷ್ಟವಾಗಿದ್ದರೆ ಕಟ್ಟುಹಾವು, ಕತ್ತಿನ ಬಳಿ ಸ್ಪಷ್ಟವಾಗಿ ಬಾಲದ ಕಡೆ ಮಾಸಿದ್ದರೆ ವಿಷವಿಲ್ಲದ ತೋಳಹಾವು. ಆದರೂ ಅನುಮಾನವಿದ್ದಾಗ ವಿಷದ್ದೆಂದೇ ತಿಳಿಯುವುದು ಕ್ಷೇಮ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೇ ಆಗದಿರಬಹುದು. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೆ ಅಪಾಯ ಬಹಳ ತಗ್ಗುತ್ತದೆ. ರಾತ್ರಿ ಮೋಟರ್ ಹಾಕಲು ಹೊರಟವರ ಕೈಯಲ್ಲಿ ಟಾರ್ಚು, ಕಾಲಲ್ಲಿ ಗಂಬೂಟು ಇರಲೇಬೇಕು.

ಹಂತ 6: ಮನೆಯೊಳಗೆ ಬಂದರೆ

ಮೊದಲು ಮಕ್ಕಳು, ನಾಯಿ, ಬೆಕ್ಕನ್ನು ಆಚೆ ಕಳಿಸಿ. ಒಬ್ಬರು ದೂರ ನಿಂತು ಹಾವು ಎಲ್ಲಿ ಹೋಗುತ್ತದೆ ಎಂದು ನೋಡುತ್ತಿರಲಿ. ಒಳಗಿನ ಕೋಣೆಗಳ ಬಾಗಿಲು ಮುಚ್ಚಿ ಸಂದಿಗೆ ಬಟ್ಟೆ ತುರುಕಿ, ಹೊರಬಾಗಿಲು ಪೂರ್ತಿ ತೆರೆಯಿರಿ. ಎಷ್ಟೋ ಸಲ ಹಾವು ತಾನೇ ಹೊರಟುಹೋಗುತ್ತದೆ. ಹೋಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಪೊರಕೆ, ಬಕೆಟ್ಟು ಹಿಡಿದು ಸಾಹಸಕ್ಕೆ ಇಳಿಯಬೇಡಿ, ಸೆಲ್ಫಿ ಬೇಡವೇ ಬೇಡ. ಬೆಳ್ಳುಳ್ಳಿ, ಸುಣ್ಣ, ಕಾರ್ಬಾಲಿಕ್ ಆಮ್ಲ ಚೆಲ್ಲಿದರೆ ಹಾವು ಬರುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಇಲಿ ಸೇರದಂತೆ ಕಸ ತೆಗೆಯುವುದು, ಬಚ್ಚಲ ತೂಬಿಗೆ ಜಾಲರಿ ಹಾಕುವುದು, ಗೋಡೆಯ ಬಿಲ ಮುಚ್ಚುವುದು, ಇವೇ ನಿಜವಾದ ತಡೆ.

ಹಂತ 7: ಕಚ್ಚಿದರೆ

ಉಂಗುರ, ಬಳೆ, ಗಡಿಯಾರ, ಕಾಲುಂಗುರ ಕೂಡಲೇ ತೆಗೆಯಿರಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಕೋಲಿಟ್ಟು ಸಡಿಲವಾಗಿ ಸುತ್ತಿ, 108ಕ್ಕೆ ಕರೆ ಮಾಡಿ. ಗುಬ್ಬಿ, ಕುಣಿಗಲ್‌ನವರಿಗೆ ತಾಲ್ಲೂಕು ಆಸ್ಪತ್ರೆ, ನಗರದವರಿಗೆ ತುಮಕೂರು ಜಿಲ್ಲಾ ಆಸ್ಪತ್ರೆ ಮೊದಲ ಗುರಿಯಾಗಿರಲಿ. ಮಂತ್ರ, ನಾಟಿ ಔಷಧಿ ಎಂದು ಕಳೆದ ಹೊತ್ತು ಮರಳಿ ಸಿಗದು. ಹಾವನ್ನು ಹೊಡೆದು ಆಸ್ಪತ್ರೆಗೆ ಒಯ್ಯುವ ಅಗತ್ಯವೂ ಇಲ್ಲ, ಏಕೆಂದರೆ ನಮ್ಮಲ್ಲಿ ಕೊಡುವ ಪ್ರತಿವಿಷ ಆ ನಾಲ್ಕೂ ಹಾವುಗಳಿಗೆ ಒಂದೇ. ವೈದ್ಯರು ಸ್ವಲ್ಪ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಬಾಗಿಸಿ ನೋಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದರ್ಥ. ಕಣ್ಣುರೆಪ್ಪೆ ಜೋತುಬಿದ್ದು ಮಾತು ತೊದಲಿದರೆ ನಾಗರ ಅಥವಾ ಕಟ್ಟುಹಾವಿನ ಸೂಚನೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದೆ. ಹೀಗಾಗಿ ಚಿಕಿತ್ಸೆ ಕೊಟ್ಟ ಆಸ್ಪತ್ರೆ, ಖಾಸಗಿಯಾದರೂ ಸರಿ, ಲೆಕ್ಕ ಒಪ್ಪಿಸಲೇಬೇಕು.

ಹಂತ 8: ‘ನಮ್ಮದೇ ಹಾವು’ ಬೇಕೆಂದರೆ

ಅದಕ್ಕೂ ನ್ಯಾಯಸಮ್ಮತ ದಾರಿಯಿದೆ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ಪಡೆಯುವ ಯೋಜನೆಯಿದೆ. ಆನೆ, ಹುಲಿಗೆ ದೊಡ್ಡ ಮೊತ್ತ ಬೇಕು, ಸಣ್ಣ ಜೀವಿಗಳಿಗೆ ಕಡಿಮೆ. ಹುಟ್ಟುಹಬ್ಬಕ್ಕೆ ಹಾವು ಕೇಳುವ ಮಗುವಿನ ಹೆಸರಿನಲ್ಲಿ ಹೀಗೊಂದು ದತ್ತು ಮಾಡಿಸಿ, ಮೈಸೂರಿಗೋ ಬನ್ನೇರುಘಟ್ಟಕ್ಕೋ ಕರೆದೊಯ್ದು ಹಾವುಗಳನ್ನು ಸಾವಧಾನವಾಗಿ ತೋರಿಸಬಹುದು.

ಈ ಮಳೆಗಾಲ ಶುರುವಾಗುವ ಮುನ್ನ ಮೂರು ಕೆಲಸ ಮುಗಿಸಿಕೊಳ್ಳಿ: ಮನೆಯವರೆಲ್ಲರ ಮೊಬೈಲ್‌ನಲ್ಲಿ 1926 ಮತ್ತು 108 ಸೇವ್ ಮಾಡಿ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ದಾಸ್ತಾನಿದೆ ಎಂದು ಒಮ್ಮೆ ಹೋಗಿ ವಿಚಾರಿಸಿ, ಕೃಷಿ ಹೊಂಡವಿದ್ದರೆ ಇವತ್ತೇ ನಾಲ್ಕು ಹಗ್ಗ ಇಳಿಬಿಡಿ.