ಒಮ್ಮೆ ಸ್ಟಾರ್ಟ್ ಆಗುತ್ತೆ, ಒಮ್ಮೆ ಆಗಲ್ಲ: ಹಳೆ ಜೀಪಿನ ಕಾಯಿಲೆ ಹಿಡಿದ ಬಗೆ

ಸಕಲೇಶಪುರ, ಆಲೂರು ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಹಳೆ ಡೀಸೆಲ್ ಜೀಪನ್ನು ಇಳಿಜಾರಿನಲ್ಲೇ ನಿಲ್ಲಿಸುತ್ತಾರೆ. ಸೆಲ್ಫ್ ಕೈಕೊಟ್ಟರೆ ಉರುಳಿಸಿ ಗೇರ್ ಹಾಕಿ ಎಬ್ಬಿಸಬಹುದಲ್ಲ! ನಾನೂ ಎರಡು ಮಳೆಗಾಲ ಹಾಗೇ ಕಳೆದೆ. ಮೂರನೇ ವರ್ಷ ಜುಲೈನ ಒಂದು ರಾತ್ರಿ ಅಮ್ಮನಿಗೆ ಉಸಿರಾಡೋದು ಕಷ್ಟ ಆಯ್ತು. ಅವತ್ತು ಜೀಪು ಕಾಫಿ ಕಣದ ಮೇಲೆ, ಸಮತಟ್ಟು ಜಾಗದಲ್ಲಿತ್ತು. ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು. ಲೈನ್ ಮನೆಯಿಂದ ನಾಲ್ಕು ಜನ ಬಂದು ದಬ್ಬಿದ ಮೇಲೆ ಸಕಲೇಶಪುರಕ್ಕೆ ಹೊರಟೆವು. ಅಮ್ಮ ಹುಷಾರಾದರು, ಆದರೆ ಆ ಅರ್ಧ ಗಂಟೆ ನನಗೆ ಮರೆಯಲ್ಲ.

ಅಷ್ಟರಲ್ಲಾಗಲೇ ನಾನು ಹೊಸ ಬ್ಯಾಟರಿ ಹಾಕಿಸಿದ್ದೆ. ಸೆಲ್ಫ್ ಮೋಟರ್ ಬಿಚ್ಚಿಸಿ ಕಾರ್ಬನ್, ಬುಷ್ ಬದಲಿಸಿದ್ದೆ. ಎರಡೂ ದುಡ್ಡು ದಂಡ. ಆಗಾಗ ಬಂದು ಹೋಗುವ ತೊಂದರೆ ಮೆಕ್ಯಾನಿಕ್ ಎದುರಿಗೆ ಬರೋದೇ ಇಲ್ಲ; ಅಲ್ಲಿ ಮೊದಲ ಕೀಗೇ ಸ್ಟಾರ್ಟ್! ಆದ್ದರಿಂದ ಯಾವಾಗ ಕೈಕೊಡುತ್ತೆ ಅಂತ ಮೊಬೈಲಿನಲ್ಲಿ ಬರೆದಿಡಲು ಶುರು ಮಾಡಿದೆ. ಬಹುಪಾಲು ಮಳೆ ಹೊಡೆದ ಮಾರನೇ ದಿನ.

ಇಲ್ಲೊಂದು ವ್ಯತ್ಯಾಸ ತಿಳಿದಿರಲಿ. ಸೆಲ್ಫ್ ಜೋರಾಗಿ ತಿರುಗಿಯೂ ಇಂಜಿನ್ ಹತ್ತದಿದ್ದರೆ ಡೀಸೆಲ್ ಲೈನ್, ಗಾಳಿ, ಹೀಟರ್ ಪ್ಲಗ್ ಕಡೆ ನೋಡಬೇಕು. ಸೆಲ್ಫ್ ತಿರುಗದೇ 'ಟಕ್' ಅಂದರೆ ಕರೆಂಟು ಹೋಗಿಬರುವ ದಾರಿಯನ್ನು ಮೊದಲು ಹುಡುಕಿ.

ನನಗೆ ಸುಳಿವು ಸಿಕ್ಕಿದ್ದು ಸ್ಟಾಪ್ ಕೇಬಲ್‌ನಲ್ಲಿ. ನಾಲ್ಕೈದು ಸಲ ಸೆಲ್ಫ್ ಹೊಡೆದು ಮುಟ್ಟಿದರೆ ಅದು ಬಿಸಿ! ಇಂಜಿನ್ ಆಫ್ ಮಾಡುವ ತಂತಿ ಯಾಕೆ ಬಿಸಿಯಾಗಬೇಕು? ನಮ್ಮ ಜೀಪಿನಲ್ಲಿ ಬ್ಯಾಟರಿಯ ಮೈನಸ್ ಚಾಸಿಗೆ ಬರುತ್ತೆ. ಇಂಜಿನ್ ಕೂತಿರೋದು ರಬ್ಬರ್ ಮೇಲೆ. ಹಾಗಾಗಿ ಚಾಸಿಗೂ ಇಂಜಿನ್‌ಗೂ ನಡುವೆ ಹೆಣೆದ ತಂತಿಯ ಒಂದು ಅರ್ತ್ ಪಟ್ಟಿ ಇರುತ್ತೆ. ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಕರೆಂಟು ಅದರ ಮೂಲಕವೇ ವಾಪಸ್ ಹೋಗಬೇಕು. ಪಟ್ಟಿ ಕೆಟ್ಟರೆ ಸ್ಟಾಪ್ ಕೇಬಲ್, ಕ್ಲಚ್ ಕೇಬಲ್ ಹೀಗೆ ಸಿಕ್ಕ ಕಬ್ಬಿಣ ಹಿಡಿದು ಹೋಗುತ್ತೆ. ಲೈಟಿನ ಅರ್ತ್ ಬಾಡಿಗೇ ಇರೋದರಿಂದ ಲೈಟು ಮಾತ್ರ ಚೆನ್ನಾಗಿ ಉರಿಯುತ್ತೆ, ನಾವು ಮೋಸ ಹೋಗುತ್ತೇವೆ.

ಕಣ್ಣಿಗೆ ನೋಡಿ ನಂಬಬೇಡಿ, ಅಳೆಯಿರಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ನ ಸೀಸದ ಕಂಬಕ್ಕೇ, ಕೆಂಪು ಕಡ್ಡಿ ಇಂಜಿನ್‌ನ ಪೇಂಟಿಲ್ಲದ ಜಾಗಕ್ಕೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಸ್ಟಾಪ್ ನಾಬ್ ಎಳೆದು ಹಿಡಿದು ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಒಬ್ಬರೇ ಇದ್ದರೆ ಮೊಬೈಲನ್ನು ಮೀಟರ್ ಎದುರು ನಿಲ್ಲಿಸಿ ವಿಡಿಯೋ ಮಾಡಿ. 0.2 ವೋಲ್ಟಿನ ಆಸುಪಾಸು ಸರಿ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ನನ್ನದು ಒಣ ಮಧ್ಯಾಹ್ನ 0.4 ತೋರಿಸಿತು, ಮಳೆಯ ಮರುದಿನ ಬೆಳಿಗ್ಗೆ 3.1! ತೊಂದರೆ ಇರುವ ಹೊತ್ತಿನಲ್ಲೇ ಅಳೆಯಬೇಕು ಅನ್ನೋದು ಇದಕ್ಕೇ.

ಪಟ್ಟಿ ಬಿಚ್ಚಿದರೆ ಮೇಲೆ ಕೆಸರು, ಒಳಗೆ ಹಸಿರು ಪುಡಿ, ಅರ್ಧ ಎಳೆಗಳು ತುಂಡು. ಬ್ಯಾಟರಿ ಮೈನಸ್ ಮೊದಲು ಕಳಚಿಟ್ಟು, ಎರಡೂ ತುದಿಯ ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ, ಹೊಸ ಪಟ್ಟಿ ಬಿಗಿ ಮಾಡಿ, ಮೇಲೆ ಗ್ರೀಸ್ ಬಳಿದೆ. ಬ್ಯಾಟರಿ ಬೆಲೆಯ ಮುಂದೆ ಇದು ಪುಡಿಗಾಸು.

ಅರ್ತ್ ಸರಿಯಿದ್ದೂ 'ಟಕ್' ಅಂದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡೂ ಕಂಬದ ನಡುವೆ ಅಳೆಯಿರಿ, 9.6 ವೋಲ್ಟಿಗಿಂತ ಕೆಳಗಿಳಿದರೆ ಮೊದಲು ಚಾರ್ಜ್ ಮಾಡಿಸಿ ಮತ್ತೆ ನೋಡಿ. ಆಗಲೂ ಇಳಿದರೆ ಬ್ಯಾಟರಿಯನ್ನು ಅನುಮಾನಿಸಿ. ಅದೂ ಸರಿಯಿದ್ದರೆ ಸೆಲ್ಫ್ ಬಿಚ್ಚಿಸಿ, ಅದಕ್ಕೂ ಮುಂಚೆ ಬೇಡ.

ಈ ಜುಲೈನ ಮಳೆಯಲ್ಲಿ ಮತ್ತೆ ಅಳೆದೆ, 0.15 ಇತ್ತು. ಅಪ್ಪ ಮಾತ್ರ ಜೀಪನ್ನು ಇವತ್ತಿಗೂ ಇಳಿಜಾರಿಗೇ ತಂದು ನಿಲ್ಲಿಸ್ತಾರೆ.