ಏಳು ಜನರ ಆಟ, ಏಳು ಜನರ ಸಹಿ

ಮಳೆ ನಿಂತಿತು. ಕೊಯ್ಲು ಮುಗಿಯಿತು. ಗದ್ದೆಯಲ್ಲಿ ಬರೀ ಕೂಳೆ ಉಳಿದಿದೆ. ಸಂಜೆ ಆಯಿತೆಂದರೆ ಹುಡುಗರು ಚೆಂಡು ಹಿಡಿದು ಬರುತ್ತಾರೆ. ಎರಡು ಬದಿ ಕಂಬ ಊರುತ್ತಾರೆ. ಆಟ ಶುರು!

ಕಾಲ್ಚೆಂಡಿನ ದೊಡ್ಡ ಪಂದ್ಯದಲ್ಲಿ ಒಂದು ತಂಡಕ್ಕೆ 11 ಆಟಗಾರರು. ಕೇರಳದ ಉತ್ತರ ಭಾಗದ ಊರುಗಳಲ್ಲಿ 7 ಜನರೇ ಆಡುತ್ತಾರೆ. ಅದಕ್ಕೇ ಈ ಆಟಕ್ಕೆ 'ಸೆವೆನ್ಸ್' ಎಂದು ಹೆಸರು. ಜಾಗ ಸಣ್ಣದು, ಆಟ ಚುರುಕು. ನಮ್ಮ ಜಿಲ್ಲೆಯ ತೆಂಕು ಬದಿಯ ತೃಕ್ಕರಿಪುರದಲ್ಲಿ ಕಾಲ್ಚೆಂಡಿನ ಹುಚ್ಚು ಜಾಸ್ತಿ. ಭಾರತ ತಂಡದಲ್ಲಿ ಆಡಿದ ಮುಹಮ್ಮದ್ ರಾಫಿ ಆ ಊರಿನವರು. 2016ರ ಡಿಸೆಂಬರ್ 18ರಂದು ಕೊಚ್ಚಿಯಲ್ಲಿ ಐಎಸ್‌ಎಲ್ ಫೈನಲ್ ನಡೆಯಿತು. ಕೇರಳ ಬ್ಲಾಸ್ಟರ್ಸ್ ತಂಡಕ್ಕೆ ತಲೆಯಿಂದ ಗೋಲು ಹೊಡೆದದ್ದು ಇವರೇ. ಕೊನೆಗೆ ಕೋಲ್ಕತ್ತಾದವರು ಗೆದ್ದರು. ಆ ಬೇಸರ ಬೇರೆ ಮಾತು.

ಊರಿನ ತಂಡದ ಹಿಂದೆ ಒಂದು ಕ್ಲಬ್ ಇರುತ್ತದೆ. ಕಾಲ್ಚೆಂಡು, ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ ಎಲ್ಲವೂ ಅದರದ್ದೇ. ದೂರದ ನಾರ್ವೆ ದೇಶದಲ್ಲೂ ಹೀಗೆಯೇ. ಸಣ್ಣ ಪೇಟೆಯ ಕ್ಲಬ್ಬಿನಲ್ಲಿ ಕಾಲ್ಚೆಂಡೂ ಉಂಟು, ಹಿಮದ ಮೇಲೆ ಜಾರುವ ಆಟವೂ ಉಂಟು. ಎಷ್ಟೋ ಕೆಲಸವನ್ನು ಮಕ್ಕಳ ತಂದೆತಾಯಿಯರೇ ಸಂಬಳವಿಲ್ಲದೆ ಮಾಡುತ್ತಾರೆ.

ಕ್ಲಬ್ಬಿಗೆ ದುಡ್ಡು ಬರುತ್ತದೆ, ಹೋಗುತ್ತದೆ. ಆದ್ದರಿಂದ ನೋಂದಣಿ ಮಾಡಿಸುವುದು ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ 1860ರ ಸಂಘಗಳ ನೋಂದಣಿ ಕಾಯಿದೆ ಇದೆ. ಅದರಲ್ಲೂ ಕಡಿಮೆಯೆಂದರೆ 7 ಜನ ಸಹಿ ಹಾಕಬೇಕು!

ಒಂದು ದಿನ ಹುಡುಗರು ನಿಮ್ಮ ಮನೆಗೂ ಬಂದಾರು.

"ಅಕ್ಕ, ಇಲ್ಲೊಂದು ಸಹಿ ಹಾಕಿ."

"ಸ್ವಲ್ಪ ನಿಲ್ಲು ಮಾರಾಯ, ಓದುತ್ತೇನೆ."

"ಓದಲಿಕ್ಕೆ ಏನುಂಟು ಅಕ್ಕ? ಹೆಸರು ಮಾತ್ರ."

"ನನ್ನ ಹೆಸರಲ್ಲವಾ?"

ಆ ಕಾಗದದಲ್ಲಿ ಸಂಘದ ಹೆಸರು, ಉದ್ದೇಶ, ಸಮಿತಿಯವರ ಹೆಸರು ಇರುತ್ತದೆ. ಜೊತೆಗೆ ನಿಯಮಾವಳಿ ಇರುತ್ತದೆ. ದುಡ್ಡು ಯಾರ ಕೈಯಲ್ಲಿ, ಲೆಕ್ಕ ಯಾರು ಬರೆಯಬೇಕು ಎಂದು ಅದರಲ್ಲಿ ನೋಡಿ. ಬರೆಯದಿದ್ದರೆ ಬರೆಸಿ. ನಾಳೆ ಕ್ಲಬ್ ಮುಚ್ಚಿತು ಎಂದುಕೊಳ್ಳಿ. ಸಾಲ ತೀರಿಸಿ ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಬೇರೆ ಸಂಘಕ್ಕೆ ಕೊಡಬೇಕು. ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟ ಈ ಕಾಗದಗಳನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ನೀವೂ ನೋಡಬಹುದು.

ಬರೆಯಿರಿ:
ನಿಮ್ಮ ಊರಿನ ಕ್ಲಬ್ಬಿನ ಹೆಸರೇನು?
ಅಲ್ಲಿ ಯಾವ ಯಾವ ಆಟ ಆಡುತ್ತಾರೆ? ಹುಡುಗಿಯರೂ ಆಡುತ್ತಾರೆಯೇ?
ಲೆಕ್ಕದ ಪುಸ್ತಕ ಯಾರ ಬಳಿ ಇದೆ? ಕೇಳಿ ತಿಳಿದು ಬರೆಯಿರಿ.